ವಾಸನೆ ತೆಗೆಯುವ ಹನೀಫ ಕಾಕಾ

ಮುದ್ದೇಬಿಹಾಳದ ಎಣ್ಣೆ ಮಿಲ್ಲಿನಲ್ಲಿ ಕುಸುಬಿ ಎಣ್ಣೆಯ ಕಮಟು ವಾಸನೆ ತೆಗೆಯುವವರು ಮಹಮ್ಮದಹನೀಫ ಕಾಕಾ. ಮುಚ್ಚಿದ ಹಂಡೆಯ ಎಣ್ಣೆಗೆ ಉಗಿ ಹಾಯಿಸುತ್ತಾರೆ. ಉಗಿ ಹೆಚ್ಚಾದರೆ ರುಚಿಯೂ ಕೆಡುತ್ತದೆಂದು ಹನಿಯನ್ನು ಅಂಗೈಗೆ ಹಾಕಿಕೊಂಡು ಮತ್ತೆ ಮತ್ತೆ ಮೂಸುತ್ತಾರೆ. ತಮ್ಮ ಮೈವಾಸನೆ ಮೂಗಿಗೆ ಮೋಸ ಮಾಡಬಾರದೆಂದು ಕಡಲೆಹಿಟ್ಟು ಹಚ್ಚಿ ತೊಳೆದುಕೊಳ್ಳುತ್ತಾರೆ, ಈದಿಗೂ ಅತ್ತರು ಹಚ್ಚುವುದಿಲ್ಲ. ಉಳ್ಳಾಗಡ್ಡಿ ತಿಂದವರು ಹತ್ತಿರ ಬಂದರೆ, "ದೂರ ನಿಂದರ್ರಿ, ನಿಮ್ಮ ಊಟ ನನ್ನ ಎಣ್ಣ್ಯಾಗ ಬೀಳತೈತಿ!" ಎಂದು ಕೂಗುತ್ತಾರೆ. ಹೋಟೆಲಿನ ಪರಮಾನಂದ, "ಇನ್ನೂ ವಾಸನಿ ಐತ್ರಿ" ಎನ್ನುತ್ತಾನೆ, ರೊಟ್ಟಿ ಮಾರುವ ಹನಮವ್ವ ಅದೇ ಎಣ್ಣೆ ಮೂಸಿ, "ಕಾಕಾ, ಇದೇನ್ ನೀರ ಕೊಟ್ಟೀರಿ?" ಎಂದು ಬೈಯುತ್ತಾಳೆ. "ಯಾರ ಮೂಗ ನಂಬಬೇಕೋ ಯಪ್ಪಾ?" ಎಂದು ಕಾಕಾ ತಲೆ ಕೆರೆದುಕೊಳ್ಳುತ್ತಾರೆ. ಅದೇ ಮಿಲ್ಲಿನಲ್ಲಿ ಡಬ್ಬಿ ತುಂಬುವ ನನಗೂ ತಿಳಿಯುವುದಿಲ್ಲ. ಇಷ್ಟೆಲ್ಲ ತೊಳೆದುಕೊಳ್ಳುವ ಮನುಷ್ಯ ಒಂದು ಸಂಜೆ ತಮ್ಮ ಮನೆಯ ಬಾಗಿಲಲ್ಲಿ ನಿಂತು, ವಾಸನೆ ತೆಗೆಯದ ಎಣ್ಣೆಯನ್ನೇ ಕೊರಳಿಗೆ ಸವರಿಕೊಳ್ಳುವುದನ್ನು ಕಂಡು ಇನ್ನೂ ಗೊಂದಲವಾಯಿತು. ಕಣ್ಣು ಹೋಗಿ ಕಿವಿಯೂ ಮಂದವಾದ ಅವರ ತಾಯಿ ಸೈದಾಬಿ, ಕಾಕಾ ಎಣ್ಣೆ ಸವರದೆ ಒಳಗೆ ಹೋದ ದಿನ, "ಯಾರಪಾ ನೀ?" ಎಂದು ಹೆದರಿ ಗೋಡೆಗೆ ಸರಿದಿದ್ದರಂತೆ. ಈಗ ಕಾಕಾ ಬಗ್ಗಿದಾಗ ಆಕೆ ಕೊರಳು ಮೂಸಿ, "ಬಂದ್ಯಾ ಹನೀಫಾ" ಎಂದರು.