ಬೆಳಕಿಂಡಿಯಿಂದ ಇಳಿದ ಸಿಪಾಯಿ

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನನ್ನ ಗಂಡ ರಜೆಯ ಮೇಲೆ ತಿಕೋಟಾಕ್ಕೆ ಬಂದಿದ್ದರು. ಪಲ್ಟನ್ನಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತೇನೆಂದು ತಾಯಿಯನ್ನು ನಂಬಿಸಿದ್ದರು. ಇವರು ಛತ್ರಿ ಕಟ್ಟಿಕೊಂಡು ವಿಮಾನದಿಂದ ಹಾರುವ ಸಿಪಾಯಿ ಎಂಬುದು ನನಗೊಬ್ಬಳಿಗೇ ಗೊತ್ತು. ಮಗನ ಕೈಯ ರೊಟ್ಟಿ ತಿನ್ನಬೇಕೆಂದು ಅತ್ತೆ ಹಟ ಹಿಡಿದಾಗಲೆಲ್ಲ ಇವರಿಗೆ ಹೊಟ್ಟೆನೋವು ಬರುತ್ತಿತ್ತು.

ಹತ್ತಿ ಬಿಡಿಸಿ ಆಗಿತ್ತು. ಒಳಗಿನ ಖೋಲಿಯಲ್ಲಿ ಎದೆಮಟ್ಟ ರಾಶಿ. ಅತ್ತೆ ನೆರೆಮನೆಗೆ ಹೋದದ್ದು ನೋಡಿ, ಹೆಂಗ ಹಾರ್ತೀರಿ ತೋರಸ್ರಿ ಎಂದು ಗಂಟುಬಿದ್ದೆ. ಇವರಿಗೂ ಅದೇ ಬೇಕಿತ್ತು. ಹಳೆಯ ವಿಮಾನದ ತಳದಲ್ಲಿ ಒಂದು ತೂತು ಇರುತ್ತಿತ್ತಂತೆ. ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ನೆಟ್ಟಗೆ ಜಾರಬೇಕು. ತುಸು ಬಾಗಿದರೂ ಎದುರಿನ ಅಂಚು ಮುಖಕ್ಕೆ ಬಡಿಯುತ್ತಿತ್ತು. ಇವರ ಮೂಗು ಸೊಟ್ಟಗಾದದ್ದು ಹಾಗೆ. ಅತ್ತೆಗೆ ಮಾತ್ರ ಸಾರಿನ ಹಂಡೆ ಬಡಿಯಿತೆಂದಿದ್ದರು. ಅದೂ ಅಲ್ಲದೆ ಒಬ್ಬೊಬ್ಬರೇ ಜಾರುವಷ್ಟರಲ್ಲಿ ತಡವಾಗಿ, ಒಬ್ಬ ಈ ಹೊಲದಲ್ಲಿ ಇಳಿದರೆ ಇನ್ನೊಬ್ಬ ಆಚೆ ಊರಲ್ಲಿ. ಒಬ್ಬರನ್ನೊಬ್ಬರು ಹುಡುಕುವಷ್ಟರಲ್ಲಿ ವೈರಿಯೇ ಹುಡುಕಿಕೊಂಡು ಬರುತ್ತಿದ್ದ. ಹೊಸ ವಿಮಾನಕ್ಕೆ ಪಕ್ಕದಲ್ಲಿ ಅಗಲ ಬಾಗಿಲು. ಸಾಲಾಗಿ ನಿಂತು ಒಬ್ಬರ ಬೆನ್ನಿಗೆ ಒಬ್ಬರು ಹಾರಿದರೆ ಎಲ್ಲರೂ ಹತ್ತಿರ ಹತ್ತಿರ ಇಳಿದು ಕೂಡಲೇ ಬಂದೂಕು ಹಿಡಿಯಬಹುದು.

ಮೊದಲು ಹಳೆಯದು ತೋರಿಸುತ್ತೇನೆಂದು ಮಾಳಿಗೆ ಹತ್ತಿದರು. ಖೋಲಿಯ ಚಾವಣಿಯಲ್ಲಿದ್ದ ಬೆಳಕಿಂಡಿ, ಮೇಲಿಂದ ಕಾಳು ಸುರಿಯಲಿಕ್ಕೆಂದು ದೊಡ್ಡದಾಗಿಯೇ ಇತ್ತು. ಇವರು ಅದರಲ್ಲಿ ಕಾಲು ಇಳಿಬಿಟ್ಟರು. ನಾನು ಕೆಳಗಿನಿಂದ ಕೈ ಬೀಸಿ ಹುಕುಂ ಕೊಟ್ಟೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ನಾನು ಬಾಯಿ ತೆರೆಯುವುದರೊಳಗೆ ಅವರ ಮಗ ಮೇಲಿನಿಂದ ಜಾರಿ, ಕಾಲು ಜೋಡಿಸಿ, ಹತ್ತಿಯಲ್ಲಿ ಸೊಂಟದವರೆಗೆ ಹೂತು ನಿಂತರು.

ಅತ್ತೆ ಒಮ್ಮೆ ಬೆಳಕಿಂಡಿ ನೋಡಿದರು, ಒಮ್ಮೆ ಮಗನನ್ನು.

"ಮನಿಗೆ ಬಾಗಲಾ ಇಲ್ಲೇನೋ ಯಪ್ಪಾ?"

"ಈಗಿನ ವಿಮಾನಕ್ಕ ಬಾಗಲಾ ಇಟ್ಟಾರಬೇ ಯವ್ವಾ," ಎಂದು ಇವರ ಬಾಯಿಂದ ಜಾರಿತು.

ಇನ್ನೇನು ಮುಚ್ಚಿಡುವುದು? ಎಲ್ಲ ಹೇಳಬೇಕಾಯಿತು. ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಆ ಬಾಗಿಲು ಎಷ್ಟು ಅಗಲ, ಹಿಂದಿನವ ದೂಡುವುದಿಲ್ಲವೇ, ಛತ್ರಿಯನ್ನು ಗಟ್ಟಿಯಾಗಿ ಹೊಲಿದಿದ್ದಾರೋ ಇಲ್ಲವೋ ಎಂದು ವಿಚಾರಿಸಿದರು. ಮಾರನೆಯ ದಿನ ಬಂಡಿ ಕಟ್ಟಿಸಿಕೊಂಡು ಬಬಲೇಶ್ವರದ ನನ್ನ ತವರಿಗೇ ಹೋಗಿ, ನಿಮ್ಮ ಅಳಿಯ ಮೋಡದಿಂದ ಇಳಿಯುವವನು ಎಂದು ಸಾರಿ ಬಂದರು.

ಅವರು ಅತ್ತ ಹೋದ ಮಧ್ಯಾಹ್ನ ಇತ್ತ ಹೊಸ ಪದ್ಧತಿಯ ತಾಲೀಮು ನಡೆಯಿತು. ರಾಶಿಯ ಮೇಲ್ಗಡೆ ತೆರೆಯುತ್ತಿದ್ದ ಅಟ್ಟದ ಬಾಗಿಲಿನಿಂದ ಮೊದಲು ಇವರು, ಬೆನ್ನಿಗೇ ಕಚ್ಚೆ ಬಿಗಿದ ನಾನು. ಹತ್ತಿರ ಹತ್ತಿರವೇ ಇಳಿದೆವು. ಬಿದ್ದ ಕೂಡಲೇ ಏಳಬೇಕು, ಅದು ಸೈನ್ಯದ ನಿಯಮ ಎಂದರು. ಹೇಳಿದವರೇ ಏಳಲಿಲ್ಲ, ನನ್ನನ್ನೂ ಏಳಗೊಡಲಿಲ್ಲ.