ಆಕ್ಲೆಂಡಿನಿಂದ ಅಮ್ಮಿನಬಾವಿಗೆ, ಬೆಳಗು ಹುಡುಕುತ್ತ

ಆಕ್ಲೆಂಡಿನಿಂದ ನಮ್ಮ ವಿಮಾನ ಮೇಲೇರಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಎರಡು ವಾರದ ನ್ಯೂಜಿಲೆಂಡ್ ಪ್ರವಾಸ ಮುಗಿಸಿ ನಾವಿಬ್ಬರೂ ಊರಿಗೆ ಹೊರಟಿದ್ದೆವು. ನನ್ನ ಹೆಂಡತಿ ಗಿರಿಜಾ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಸೆರಗಿನೊಳಗೆ ಸರಿಮಾಡಿಕೊಂಡಳು. ಅದರೊಳಗೆ ಅವಳ ಇಷ್ಟಲಿಂಗವಿದೆ. ಬೆಳಿಗ್ಗೆ ಸೂರ್ಯ ಮೂಡಿದ ಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವತನಕ ಅವಳು ಒಂದು ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಜ್ವರ ಬರಲಿ, ಬಾಣಂತನವಿರಲಿ, ಮದುವೆಯಾಗಿ ಬಂದಾಗಿನಿಂದ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ಪ್ರವಾಸಕ್ಕೆ ಒಪ್ಪುವಾಗ ಅವಳು ಹಾಕಿದ ಕರಾರೂ ಇದೊಂದೇ. "ನನ್ನ ನೇಮ ಮುರೀಬಾರದು ನೋಡ್ರಿ. ಮುರೀತಂದ್ರ ನಿಮ್ಮ ಕೂಡ ಇನ್ನ ಹುಬ್ಬಳ್ಳಿ ದಾಟಂಗಿಲ್ಲ."

"ಜವಾಬ್ದಾರಿ ನಂದು" ಎಂದಿದ್ದೆ. ಹತ್ತಿ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಮಾತು ಕೊಡುವುದಕ್ಕೆ ನನಗೇನು ಕಷ್ಟ?

ಹೋಗುವಾಗ ಅಂಥ ತೊಂದರೆಯೇನೂ ಆಗಲಿಲ್ಲ. ಅಲ್ಲಿ ಇಳಿದೊಡನೆ ಅಧಿಕಾರಿಗಳು ಅವಳ ಚೀಲದಲ್ಲಿದ್ದ ಬಿಲ್ವಪತ್ರೆಯನ್ನು ತೆಗೆದುಕೊಂಡರು. ಎಲೆ, ಬೀಜ ಯಾವುದನ್ನೂ ಆ ದೇಶದೊಳಗೆ ಬಿಡುವುದಿಲ್ಲವಂತೆ. ಭಸ್ಮದ ಉಂಡೆಯನ್ನು ಹೊರಳಿಸಿ, ಮೂಸಿ, ತಮ್ಮತಮ್ಮಲ್ಲೇ ಮಾತಾಡಿಕೊಂಡು ತಿರುಗಿ ಕೊಟ್ಟರು. ಆಮೇಲೆ ದಿನಾ ಸರೋವರದ ದಂಡೆಯಲ್ಲೋ ಹೋಟೆಲಿನ ಬಾಲ್ಕನಿಯಲ್ಲೋ ಪೂಜೆ ಸಾಂಗವಾಗಿ ನಡೆಯಿತು. ಫಜೀತಿ ಶುರುವಾದದ್ದು ತಿರುಗಿ ಬರುವಾಗ.

ಹೊರಡುವ ದಿನ ಸಂಜೆ ಎಂಟಕ್ಕೆ ಅವಳು ಅನ್ನ ಮೊಸರು ಉಂಡಿದ್ದಳು. ವಿಮಾನದಲ್ಲಿ ದೀಪ ಆರಿಸಿದೊಡನೆ ನಾನು ಗೊರಕೆ ಹೊಡೆದಿರಬೇಕು. ಮೊಣಕೈಯಿಂದ ತಿವಿದು ಎಬ್ಬಿಸಿದಳು.

"ಏನ್ರಿ, ಯಾಕ ಇನ್ನೂ ಬೆಳಗಾಗವಲ್ಲದು?"

ಕೈಗಡಿಯಾರದಲ್ಲಿ ಇನ್ನೂ ಆಕ್ಲೆಂಡಿನ ಸಮಯವಿತ್ತು. ಏಳು ಗಂಟೆ. ನಿನ್ನೆ ಇಷ್ಟು ಹೊತ್ತಿಗೆ ಆ ಊರಿನಲ್ಲಿ ಬಿಸಿಲು ಬಿದ್ದಿತ್ತು. ಈಗ ಕಿಟಕಿಯ ಹೊರಗೆ ಕಗ್ಗತ್ತಲೆ. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ನನ್ನ ತಲೆಗೆ ಹೊಳೆಯಿತು. ನಾವು ಪಡುವಣಕ್ಕೆ ಹಾರುತ್ತಿದ್ದೆವು. ಬೆಳಗು ನಮ್ಮ ಬೆನ್ನ ಹಿಂದಿನಿಂದ ಬರುತ್ತಿತ್ತು. ಅದು ನಮ್ಮನ್ನು ಮುಟ್ಟದ ಹಾಗೆ ಈ ಯಂತ್ರ ಶಕ್ತಿಮೀರಿ ಮುಂದೆ ಓಡುತ್ತಿತ್ತು. ಕೈಬೆರಳಿನಿಂದ ಗಾಳಿಯಲ್ಲಿ ಚಿತ್ರ ಬರೆದು ಅವಳಿಗೆ ತಿಳಿಸಿ ಹೇಳಿದೆ.

"ಅಂದ್ರ ನಾವು ಸೂರ್ಯದೇವರಿಂದ ತಪ್ಪಿಸ್ಕೊಂಡು ಓಡಿ ಹೊಂಟೇವಿ ಅನ್ರಿ" ಎಂದಳು ಗಿರಿಜಾ. ತುಟಿ ಒಣಗಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ಹೊಟ್ಟೆ ಬಹಳ ಹೊತ್ತು ಖಾಲಿ ಇರಬಾರದೆಂದು ಡಾಕ್ಟರು ನೂರು ಸಲ ಹೇಳಿದ್ದಾರೆ.

"ಗಡಿಯಾರದಾಗ ಬೆಳಗಾಗೇತಿ. ಮೈಗೂ ಗೊತ್ತಾಗೇತಿ, ಅದಕ್ಕ ನಿನಗ ಎಚ್ಚರಾಗೇತಿ. ಪೂಜಿಗೆ ಕೂತು ನೀರು ಕುಡಿ."

"ಗಡಿಯಾರಕ್ಕ ಪೂಜಿ ಮಾಡ್ಲೇನು?"

ಗಗನಸಖಿ ಒಂದು ಲೋಟ ನೀರು ತಂದುಕೊಟ್ಟಳು. ಗಿರಿಜಾ ಅದನ್ನು ಎದುರಿನ ಮಡಚುವ ಹಲಗೆಯ ಮೇಲಿಟ್ಟು, ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದು ಕೂತಳು. ಪೂಜೆಗೆ ಬೇಕಲ್ಲ! ಎಂಟಾಯಿತು, ಒಂಬತ್ತಾಯಿತು. ಅವಳ ಕೈ ತಣ್ಣಗಾಗಿ ಬೆವರತೊಡಗಿತು. ನನಗೆ ಹೆದರಿಕೆ ಹತ್ತಿತು. ಹೆದರಿಕೆಯಾದಾಗ ನನಗೆ ಮೊದಲು ಬರುವುದೇ ಸಿಟ್ಟು.

"ನೇಮ ದೊಡ್ಡದೋ ಜೀವ ದೊಡ್ಡದೋ? ಇಲ್ಲೇನರ ಆದ್ರ ನಾ ಯಾರಿಗೆ ಹೇಳ್ಲಿ?" ಎಂದು ಗದರಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಸುಮ್ಮ ಕೂಡ್ರಿ. ಬರ್ತಾನ. ಬರದ ಎಲ್ಲಿ ಹೋಗ್ತಾನ?"

ಬಂದ. ಗಾಜಿಗೆ ಕೆನ್ನೆ ಹಚ್ಚಿ ರೆಕ್ಕೆಯ ಹಿಂದಕ್ಕೆ ನೋಡುತ್ತ ಕೂತವಳು ಒಮ್ಮೆಲೇ ನನ್ನ ತೋಳು ಹಿಡಿದಳು. ನಾನೂ ಬಾಗಿ ನೋಡಿದೆ. ಕತ್ತಲೆಯ ಅಂಚಿನಲ್ಲಿ ಒಂದು ಸಣ್ಣ ಗೆರೆ, ಬಾಗಿದ ಗೆರೆ. ಭೂಮಿ ದುಂಡಗಿದೆ ಎಂದು ಸಾಲಿಯಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡದ್ದು ಅವತ್ತೇ. ಆ ಗೆರೆ ಕೆಂಪಾಯಿತು, ಕೇಸರಿಯಾಯಿತು. ಕೆಳಗೆ ದಿಗಂತದವರೆಗೂ ಹಿಂಜಿ ಹರವಿದ ಅರಳೆಯಂಥ ಮೋಡ. ಆಮೇಲೆ ಸೂರ್ಯ ಮೇಲೆ ಬಂದಾಗ ಇಡೀ ಜಗತ್ತಿಗೆ ಒಮ್ಮೆಲೇ ಬೆಂಕಿ ಹತ್ತಿದ ಹಾಗಾಯಿತು. ಅಬ್ಬಾ! ರಾತ್ರಿಯೆಲ್ಲ ನಾವು ಓಡಿದರೂ ಬಿಡದೆ ಬೆನ್ನು ಹತ್ತಿ ಬಂದು ಮುಟ್ಟಿದ್ದ.

ಗಿರಿಜಾ ಹಣೆಗೆ ಭಸ್ಮ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಲೋಟದ ನೀರಿನಿಂದ ನಾಲ್ಕು ಹನಿ ಹಾಕಿದಳು. ಬಿಸಿಲು ನೇರವಾಗಿ ಅವಳ ಅಂಗೈಗೆ ಬಿದ್ದಿತ್ತು. ಚಹಾದ ಗಾಡಿ ತಂದ ಗಗನಸಖಿ ಸಪ್ಪಳ ಮಾಡದೆ ನಿಂತು, ಪೂಜೆ ಮುಗಿದ ಮೇಲೆ ಮುಂದೆ ಹೋದಳು. ಗಿರಿಜಾ ಉಳಿದ ನೀರನ್ನು ಗಟಗಟ ಕುಡಿದಾಗ ನನಗೂ ಹೋದ ಜೀವ ಬಂತು.

ಸಿಂಗಪುರದಲ್ಲಿ ಇಳಿದು, ಬೆಂಗಳೂರಿಗೆ ಹಾರಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಹುಬ್ಬಳ್ಳಿ ಮುಟ್ಟಿದಾಗ ಮಧ್ಯಾಹ್ನ ಮೂರು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬಣ್ಣ ಹಚ್ಚುವ ಕೆಲಸ ಮುಗಿದಿರಲಿಲ್ಲ. ಹಾಗಾಗಿ ಅಮ್ಮಿನಬಾವಿಯಲ್ಲಿರುವ ಗಿರಿಜಾಳ ತಮ್ಮ ಈರಣ್ಣನ ಮನೆಗೆ ಹೋಗುವುದೆಂದು ಮೊದಲೇ ಗೊತ್ತುಮಾಡಿದ್ದೆವು. ಟ್ಯಾಕ್ಸಿಯವನು ಎರಡು ಸಾವಿರ ಕೇಳಿ ಹದಿನಾರು ನೂರಿಗೆ ಒಪ್ಪಿದ. ಗಬ್ಬೂರಿನಿಂದ ಬರುವ ಬೈಪಾಸು ಹಿಡಿದು, ಧಾರವಾಡ ದಾಟುವುದರೊಳಗೆ ತೂಕಡಿಸಿ ನನ್ನ ತಲೆ ನಾಲ್ಕು ಸಲ ಕಿಟಕಿಗೆ ಬಡಿಯಿತು. ನಮ್ಮ ಮೈಯ ಪ್ರಕಾರ ಆಗ ರಾತ್ರಿ ಹತ್ತು ದಾಟಿತ್ತು. ಹೊರಗೆ ಮಾತ್ರ ಕಣ್ಣು ಕುಕ್ಕುವ ಬಿಸಿಲು.

"ಮೊದಲ ದಿನ ಹಗಲು ಮಲಗಬೇಡಿ, ಬಿಸಿಲಿನಲ್ಲಿ ಅಡ್ಡಾಡಿ, ಕತ್ತಲಾದ ಮೇಲೆಯೇ ಹಾಸಿಗೆ" ಎಂದು ಪ್ರವಾಸದ ಏಜೆಂಟ್ ಹೇಳಿ ಕಳಿಸಿದ್ದ. ಇದನ್ನು ಈರಣ್ಣನಿಗೂ ಅವನ ಹೆಂಡತಿ ಕಸ್ತೂರಿಗೂ ಹೇಳಿ, ನಮ್ಮನ್ನು ಮಲಗಲು ಬಿಡಬೇಡಿ ಎಂದು ತಾಕೀತು ಮಾಡಿದೆ. ಕಸ್ತೂರಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಗಿರಿಜಾ ಉಣ್ಣುತ್ತ ವಿಮಾನದ ಕಥೆಯನ್ನು ಹೆಮ್ಮೆಯಿಂದ ಹೇಳಿದಳು. "ಇವ್ರು ಗಡಿಯಾರ ನೋಡಂದ್ರು. ನಾ ಸೂರ್ಯನ್ನ ನೋಡ್ದೆ. ಬೆಳಗು ಯಾವ್ದು ಅಂತ ನನಗ ಗೊತ್ತಿಲ್ಲೇನು?"

ಕೈ ತೊಳೆದವಳು "ಐದ ನಿಮಿಷ ಬೆನ್ನು ಚಾಚ್ತೇನಿ" ಎಂದು ಈರಣ್ಣ ಹೊಸದಾಗಿ ಕಟ್ಟಿಸಿದ ಮೇಲಿನ ಕೋಣೆಗೆ ಹೋದಳು. ಕರೆತರಲು ಹೋದ ನಾನೂ ಅಲ್ಲೇ ಒರಗಿದೆ.

ಎಚ್ಚರವಾದಾಗ ಕೋಣೆಯೆಲ್ಲ ಕೆಂಪಾಗಿತ್ತು. ಹಕ್ಕಿಗಳ ಗದ್ದಲ. ಪಕ್ಕದಲ್ಲಿ ಗಿರಿಜಾ ಇಲ್ಲ. ಹೊರಗೆ ಬಂದೆ. ಮಾಳಿಗೆಯ ಮೇಲೆ ಅವಳು ಸ್ನಾನ ಮಾಡಿ, ಒದ್ದೆ ಕೂದಲು ಇಳಿಬಿಟ್ಟು, ಕೆಂಪು ಸೂರ್ಯನಿಗೆ ಎದುರಾಗಿ ಲಿಂಗ ಹಿಡಿದು ಕೂತಿದ್ದಳು. ನಾನೂ ಒಂದು ಕ್ಷಣ ಬೆಳಗೇ ಆಯಿತೆಂದುಕೊಂಡೆ. ಕೆಳಗೆ ಹೊಲದಿಂದ ಎಮ್ಮೆಗಳು ಮನೆಗೆ ತಿರುಗುವುದನ್ನು ನೋಡಿದ ಮೇಲೆ ತಿಳಿಯಿತು, ಇದು ಸಂಜೆ. ಕೋಣೆಯ ಬಾಗಿಲು ಪಡುವಣಕ್ಕೆ ಇತ್ತು. ಹೊಸ ಕೋಣೆ, ಅವಳಿಗೆ ದಿಕ್ಕು ತಪ್ಪಿತ್ತು.

ಅಷ್ಟರಲ್ಲಿ ಕಸ್ತೂರಿ ಮೆಟ್ಟಿಲು ಹತ್ತಿ ಬಂದಳು. ಬಾಯಿ ತೆರೆಯುವಷ್ಟರಲ್ಲಿ ನಾನು ತುಟಿಯ ಮೇಲೆ ಬೆರಳಿಟ್ಟೆ. ಹಿಂದೆಯೇ ಬಂದ ಈರಣ್ಣನೂ ನಿಂತ. ಮುಳುಗುವ ಬಿಸಿಲು ಅವಳ ಅಂಗೈಗೆ ಬಿದ್ದಿತ್ತು. ಅವಳ ಮುಖ ವಿಮಾನದಲ್ಲಿ ಇದ್ದ ಹಾಗೆಯೇ ಇತ್ತು, ಎಳ್ಳಷ್ಟೂ ಬೇರೆಯಿಲ್ಲ. ಇಷ್ಟು ವರ್ಷ ಅವಳ ಪೂಜೆ ಮುಗಿಯಲೆಂದು ಚಹಾಕ್ಕೆ ಕಾದವನು ನಾನು. ಅದು ಮುಗಿಯದಿದ್ದರೆ ಚೆನ್ನಾಗಿತ್ತು ಎನಿಸಿದ್ದು ಅವತ್ತೇ ಮೊದಲು.

ಪೂಜೆ ಮುಗಿಸಿ ಅವಳು ನೀರು ಕುಡಿದಳು. ಸೂರ್ಯನನ್ನು ಮತ್ತೆ ದಿಟ್ಟಿಸಿ ನೋಡಿದಳು.

"ಏನ್ರಿ, ಆಗಿಂದ ನೋಡಾಕತ್ತೇನಿ, ಇಂವ ಏರವಲ್ಲ. ಕೆಳಗ ಇಳ್ಯಾಕತ್ತಾನ!"

ಕಸ್ತೂರಿ ತಡೆಯಲಾರದೆ ನಕ್ಕಳು. "ಅಕ್ಕಾರ, ಈಗ ಸಂಜಿ ಆಗೇತ್ರಿ. ದೀಪ ಹಚ್ಚೋ ಹೊತ್ತು." ಈರಣ್ಣನೂ ಹೊಟ್ಟೆ ಹಿಡಿದುಕೊಂಡ. ಗಿರಿಜಾ ಕೂಡ ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿಕೊಂಡಳು.

ಅವರಿಬ್ಬರೂ ಕೆಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು. "ಬೆಳಗು ಯಾವ್ದು ಅಂತ ನನಗ ಗೊತ್ತಾಗಲಿಲ್ಲಲ್ರಿ. ನಾಳೆ ಕತ್ತಲದಾಗ ಎದ್ದು, ಬೆಳಗಾತು ಅಂತ ಪೂಜಿ ಮಾಡಿ ನೀರು ಕುಡದ್ರ? ಆವಾಗ ನೇಮ ಮುರದಂಗ. ಇನ್ನ ನನ್ನ ಕಣ್ಣು ನಾ ನಂಬಂಗಿಲ್ಲ."

ತಮಾಷೆ ಮಾಡಬೇಕೆಂದಿದ್ದವನು ಅದನ್ನು ಬಿಟ್ಟು ಅವಳ ಪಕ್ಕದಲ್ಲಿ ಕೂತೆ.

"ನಾ ನೋಡಿ ಹೇಳ್ತೇನಿ. ನಾ ಹೇಳೋಮಟ ನೀ ಪೂಜಿಗೆ ಏಳಬ್ಯಾಡ" ಎಂದೆ.

ಮರುದಿನ ನಸುಕಿನಲ್ಲೇ ನನಗೆ ಎಚ್ಚರವಾಯಿತು. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ಈರಣ್ಣನನ್ನು ಮೂಡಣ ಯಾವ ಕಡೆ ಎಂದು ಕೇಳಿದೆ. "ಮಾಮಾರ, ನೀವೂನಾ?" ಎಂದು ನಕ್ಕು, ಕೊಟ್ಟಿಗೆಯ ಕಡೆ ಕೈ ತೋರಿಸಿದ. ನೀರಿನ ತಂಬಿಗೆ ಹಿಡಿದು ಅಲ್ಲಿ ಹೋಗಿ ನಿಂತೆ. ಬಾಯಾರಿತ್ತು, ಆದರೂ ಕುಡಿಯಲು ಮನಸ್ಸಾಗಲಿಲ್ಲ. ಕಡಲೆ ಬಿತ್ತಿದ ಕರಿನೆಲದ ಆಚೆ ಮುಗಿಲು ಕೆಂಪಾಯಿತು. ಸೂರ್ಯ ಕಂಡ. ಆದರೂ ನಾನು ಕದಲಲಿಲ್ಲ. ಕೈಯಲ್ಲಿ ಹಿಡಿದು ಎಳೆದು ನೋಡದೆ ಹತ್ತಿಗೆ ಎಂದೂ ದರ ಹೇಳಿದವನಲ್ಲ ನಾನು. ಹೊಲದ ಬದುವಿನ ಬೇವಿನ ಮರದ ಕೆಳಗಿನ ಕೊಂಬೆಗೆ ದೃಷ್ಟಿ ನೆಟ್ಟು ನಿಂತೆ. ಸೂರ್ಯ ಕೊಂಬೆಯನ್ನು ಮುಟ್ಟಿದ, ದಾಟಿದ, ಮೇಲೆ ಹೋದ.

ಮೆಟ್ಟಿಲು ಹತ್ತಿ ಹೋದೆ. ಗಿರಿಜಾ ಆಗಲೇ ಸ್ನಾನ ಮಾಡಿ, ಭಸ್ಮ ಹಚ್ಚಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಹಾಸಿಗೆಯ ಮೇಲೆ ಕೂತಿದ್ದಳು. ಒಣಗಿದ ತುಟಿ. ಕೋಣೆಯೊಳಗೆ ಬೆಳಕು ಬಂದಿದ್ದರೂ ತಿರುಗಿ ನೋಡಿರಲಿಲ್ಲ.

"ಏನ್ರಿ?" ಎಂದಳು.

ತಂಬಿಗೆಯನ್ನು ಅವಳ ಮುಂದೆ ಹಿಡಿದೆ.

"ಏಳು ಗಿರಿಜಾ. ಏರಾಕತ್ತಾನ. ನಾ ನಿಂತು ನೋಡೇನಿ."