ಟೂಹಿಗ್ ಹಿಡಿದ ಚೆಂಡು

ಕೋಲ್ಮನ್ ಟೂಹಿಗ್‌ನ ಮೂಗು ಎಷ್ಟು ಸಲ ಮುರಿದಿತ್ತೆಂದು ಅವನಿಗೇ ನೆನಪಿರಲಿಲ್ಲ. ಹರ್ಲಿಂಗ್ ಎಂದರೆ ಹಾಗೇ ತಾನೆ! ನಿಮ್ಮ ಕೈಯಲ್ಲೊಂದು ತುದಿ ಬಾಗಿದ ಮರದ ಕೋಲು, ಎದುರಿನವನ ಕೈಯಲ್ಲೂ ಅಂಥದೇ ಕೋಲು, ನಡುವೆ ಮುಷ್ಟಿಗಾತ್ರದ ಚರ್ಮದ ಚೆಂಡು. ಕೋಲು ಚೆಂಡಿಗೆ ಬಿದ್ದರೂ ಆಟ, ತಲೆಗೆ ಬಿದ್ದರೂ ಆಟ. ಕಾರ್ಕ್ ಸೀಮೆಯಲ್ಲಿ ಗಂಡಸಿಗೆ ಮುಂದಿನ ಹಲ್ಲು ಪೂರಾ ಇದ್ದರೆ ಅವನು ಪುಕ್ಕಲನೇ ಇರಬೇಕೆಂದು ಜನ ಆಡಿಕೊಳ್ಳುತ್ತಿದ್ದರು. ಕೋಲ್ಮನ್‌ಗೆ ಮುಂದಿನ ಹಲ್ಲು ಒಂದೂ ಇರಲಿಲ್ಲ.

ವಾರವೆಲ್ಲ ಅವನು ಹಂದಿಮಾಂಸದ ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ. ಇಕ್ಕಟ್ಟಿನ ಓಣಿಯಲ್ಲಿ ಹಂದಿ ಮುಂದೆ ಬರಬೇಕು, ಇವನು ಹಣೆಗೆ ಒಂದೇ ಏಟು ಕೊಡಬೇಕು. ಎರಡನೆಯ ಏಟು ಬೇಕಾದರೆ ಮೇಸ್ತ್ರಿ ಬೈಯುತ್ತಿದ್ದ. ಭಾನುವಾರ ಮೈದಾನಕ್ಕಿಳಿದರೆ ಗೋಲಿನ ಮುಂದೆ ಕಾವಲು. ಅಲ್ಲಿಯೂ ಕೆಲಸ ಹೆಚ್ಚುಕಡಿಮೆ ಅದೇ. ಎದುರಾಳಿಗಳು ಗೋಲ್‌ಕೀಪರನನ್ನು ತುಳಿಯಲೆಂದು ನುಗ್ಗಿ ಬರುತ್ತಾರೆ, ಅವರನ್ನು ಕೆಡವಬೇಕು. ಸತ್ತುಹೋದ ಅಪ್ಪ ಅವನಿಗೆ ಹೇಳಿಕೊಟ್ಟಿದ್ದು ಒಂದೇ ಪಾಠ. "ಚೆಂಡು ಆಕಾಶದಲ್ಲಿರೋವಾಗ ನಿನ್ನ ಮೈಮೇಲೆ ಬರೋನು ಯಾವನೇ ಆಗ್ಲಿ, ಹಾಕು. ನಮ್ಮ ಗೋಲ್‌ಕೀಪರ್ ಗೆರೆ ಬಿಟ್ಟು ಬರಲ್ಲ ಕಣೋ. ಬರೋನು ವೈರೀನೇ."

ಆ ಪಾಠ ಅವನ ಎಲುಬಿಗಿಳಿದಿತ್ತು. ಎತ್ತರದ ಚೆಂಡು ಬಂದರೆ ಅವನ ಎಡಗೈ ತಾನೇ ಮೇಲೇಳುತ್ತಿತ್ತು. ಸುತ್ತ ಕೋಲುಗಳು ಬೀಸುತ್ತಿದ್ದರೂ ಆ ಕೈ ಅವುಗಳ ನಡುವೆ ತೂರಿ ಚೆಂಡನ್ನು ಕಿತ್ತುಕೊಂಡು ಬರುತ್ತಿತ್ತು. ನೆಲಕ್ಕೆ ಬರುತ್ತಲೇ ಗಿರ್ರನೆ ತಿರುಗಿ, ಬಲಮೊಣಕೈಯನ್ನು ಮುಂದೆ ಬಿಟ್ಟು ನುಗ್ಗುತ್ತಿದ್ದ. 'ಟೂಹಿಗ್ ಹಿಡಿದ' ಎಂದು ಜನ ಕೂಗಿದರೆ ಪಕ್ಕದೂರಿಗೂ ಕೇಳಿಸುತ್ತಿತ್ತು.

ಇಂಥವನ ಬೆನ್ನಿಗೆ ಬಿದ್ದ ತಮ್ಮ ಫಿನ್‌ಬಾರ್ ಮಾತ್ರ ಫುಟ್‌ಬಾಲ್ ಆಡುತ್ತಿದ್ದ. ಅಯ್ಯೋ, ಆ ಕಾಲದಲ್ಲಿ ಅದು ಸಣ್ಣ ಮಾತೇ! ನಮ್ಮನ್ನು ಆಳಿದ ಇಂಗ್ಲಿಷರ ಆಟ ಆಡಿದವನನ್ನು, ಅಷ್ಟೇಕೆ, ಬೇಲಿಯ ಹೊರಗೆ ನಿಂತು ಇಣುಕಿದವನನ್ನೂ ಹರ್ಲಿಂಗ್ ಸಂಘ ಹೊರಗೆ ಹಾಕುತ್ತಿತ್ತು. ಹಾಗೆ ಇಣುಕಿದವರನ್ನು ಹಿಡಿದುಕೊಡುವುದಕ್ಕೆಂದೇ ಊರೂರಲ್ಲಿ ಜನ ಇದ್ದರು. ನಮ್ಮೂರಿನಲ್ಲಿ ಆ ಕೆಲಸ ಶಾಲೆಯ ಹೆನೆಬರಿ ಮೇಷ್ಟ್ರದು. ಕಾಲರು ಎತ್ತಿಕೊಂಡು ಫುಟ್‌ಬಾಲ್ ಮೈದಾನಕ್ಕೆ ಹೋಗಿ, ಯಾರ್ಯಾರು ಬಂದಿದ್ದಾರೆಂದು ನೋಡಿಕೊಂಡು ಬರುತ್ತಿದ್ದರು. ಆ ನೆಪದಲ್ಲಿ ಒಂದು ಪಂದ್ಯವನ್ನೂ ಬಿಡದೆ ನೋಡಿದ ಪುಣ್ಯಾತ್ಮ ಊರಿಗೆಲ್ಲ ಅವರೊಬ್ಬರೇ.

ಫಿನ್‌ಬಾರ್ ರೈಲ್ವೆಯವರ ತಂಡದ ಗೋಲ್‌ಕೀಪರ್. ಉದ್ದನೆಯ ತೋಳು, ಹುಡುಗಿಯರಿಗಿರಬೇಕಾದಂಥ ಬೆರಳು. ದುಡಿಯುತ್ತಿದ್ದದ್ದು ಅಣ್ಣನ ಕಾರ್ಖಾನೆಯಲ್ಲೇ; ಮಾಂಸ ನೆನೆಹಾಕುವ ಉಪ್ಪುನೀರಿನ ತೊಟ್ಟಿಗೆ ಕೈ ಹಾಕುವ ಕೆಲಸವೆಂದರೆ ಅವನಿಗೆ ಜೀವ ಹೋಗುತ್ತಿತ್ತು. ಅವನ ಅದೃಷ್ಟಕ್ಕೆ ಇಂಗ್ಲೆಂಡಿನ ಒಂದು ಕ್ಲಬ್ಬಿನಿಂದ ಪಿಂಡರ್ ಎಂಬ ಸಾಹೇಬ ಆಟಗಾರರನ್ನು ಹುಡುಕುತ್ತ ಬರುವವನಿದ್ದ. ಕಪ್ ಫೈನಲ್ ನೋಡಿ, ಕೈ ಪಸಂದಾದರೆ ಅದೇ ವಾರ ಹಡಗು ಹತ್ತಿಸುತ್ತೇನೆಂದು ಹೇಳಿ ಕಳಿಸಿದ್ದ.

ಫೈನಲ್ ಬಂದರಿನ ಕೂಲಿಗಳ ತಂಡದ ಮೇಲೆ. ಅವರ ಮುಂದಾಳು ಗಸ್ ಕೀಟಿಂಗ್, ಎಲ್ಲರ ಬಾಯಲ್ಲಿ ಕತ್ತೆಗಾಲು ಕೀಟಿಂಗ್. ಸೆಮಿಫೈನಲ್‌ನಲ್ಲಿ ಒಬ್ಬ ಗೋಲ್‌ಕೀಪರನ ಪಕ್ಕೆಲುಬನ್ನು ಮಂಡಿಯಿಂದ ಒಳಕ್ಕೆ ತಳ್ಳಿದ್ದ. ಅದಕ್ಕೂ ಮುಂಚೆ ರೈಲ್ವೆ ತಂಡದ ಕಾವಲಿನವನ ಮೊಣಕಾಲನ್ನು ಹಿಂದಕ್ಕೆ ಮಡಿಸಿದ್ದ. ಈಗ ಹೆಂಡದಂಗಡಿಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದ: "ಟೂಹಿಗ್ ಹುಡುಗ ಇಂಗ್ಲೆಂಡಿಗೆ ಹೋಗ್ಲಿ ಕಣ್ರೋ. ಕೈ ಮಾತ್ರ ಇಲ್ಲೇ ಬಿಟ್ಟು ಹೋಗ್ತಾನೆ."

ಈ ಮಾತು ಅಮ್ಮನ ಕಿವಿಗೂ ಬಿತ್ತು. ಗಂಡನ ತಲೆಯನ್ನೂ ಮಗನ ತಲೆಯನ್ನೂ ಅಡುಗೆಮನೆಯಲ್ಲೇ ಕೂರಿಸಿ ಹೊಲಿದ ಹೆಂಗಸು ಆಕೆ, ರಕ್ತಕ್ಕೆ ಹೆದರುವವಳಲ್ಲ. ಬೇಯಿಸಿದ ಹಂದಿಕಾಲಿನ ತಟ್ಟೆಯನ್ನು ಕೋಲ್ಮನ್‌ನ ಮುಂದೆ ಕುಕ್ಕಿದಳು.

"ತಮ್ಮನ ತಂಡದಲ್ಲಿ ಕಾವಲಿಗೆ ಆಳಿಲ್ವಂತೆ. ನೀನು ಹೋಗಿ ನಿಂತ್ಕೋ."

"ಅಮ್ಮಾ, ನನ್ನನ್ನ ಹಿಡಿದ್ರೆ ಎರಡು ವರ್ಷ ಹೊರಗೆ ಹಾಕ್ತಾರೆ. ಮುಂದಿನ ತಿಂಗಳು ಹರ್ಲಿಂಗ್‌ನ ಕೌಂಟಿ ಫೈನಲ್ ಇದೆ. ಅಪ್ಪನಿಗೂ ಸಿಗದ ಪದಕ ಅದು."

"ನಿಮ್ಮಪ್ಪನ ಪದಕ ಉಪ್ಪಿನಕಾಯಿ ಹಾಕ್ಕೊಳ್ಳೋ. ಆ ಹುಡುಗ ಈ ನಾತದಿಂದ ಆಚೆ ಹೋಗೋಕೆ ಇರೋದು ಅವೆರಡು ಕೈ. ಅವಕ್ಕೇನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ."

ಮೂಲೆಯಲ್ಲಿ ಕೂತಿದ್ದ ಫಿನ್‌ಬಾರ್ ತಲೆಯೆತ್ತಿದ. "ಬೇಡ ಬಿಡಮ್ಮ. ಅವನಿಗೆ ಆ ಆಟ ಬರಲ್ಲ."

ಕೋಲ್ಮನ್‌ಗೆ ಮೈ ಉರಿದುಹೋಯಿತು. "ಏನಂದೆ? ಕೋಲು ಬೀಸೋರ ಮಧ್ಯೆ ಚೆಂಡು ಹಿಡಿಯೋನಿಗೆ ಆ ಕುಂಬಳಕಾಯಿ ಒದಿಯೋದು ಬರಲ್ವಾ? ಹರ್ಲಿಂಗ್ ಆಡೋನು ಯಾವ ಆಟಾನಾದ್ರೂ ಆಡ್ತಾನೆ ಕಣೋ. ಒಂದು ವಾರ ಸಾಕು ಕಲಿಯೋಕೆ."

"ಕಲೀತೀಯ ಅಣ್ಣ, ಅದು ಗೊತ್ತು. ಕಲಿತಿರೋದನ್ನ ಮರೀತೀಯಾ?"

ಆ ಪ್ರಶ್ನೆಗೆ ಕೋಲ್ಮನ್ ಗಹಗಹಿಸಿ ನಕ್ಕ. ಹಂದಿಕಾಲನ್ನು ಚೀಪಿ ಮುಗಿಸಿ, ಭಾನುವಾರ ಬರುತ್ತೇನೆಂದು ಹೇಳಿ ಎದ್ದ.

ತಲೆಯನ್ನು ನುಣ್ಣಗೆ ಬೋಳಿಸಿ, ಹುಬ್ಬಿನವರೆಗೂ ಬ್ಯಾಂಡೇಜು ಸುತ್ತಿ, ಕೆನ್ನೆಗೆ ಇದ್ದಿಲು ಬಳಿದುಕೊಂಡು ಹೋದ. ಹೆಸರು ಮರ್ಫಿ ಎಂದು ಬರೆಸಿದರು. ಹರ್ಲಿಂಗ್‌ನವರು ಕದ್ದು ಆಡಲು ಬಂದರೆ ಎಲ್ಲರೂ ಮರ್ಫಿಗಳೇ. ಆ ದಿನ ಮಳೆ ಬಂದು ಮೈದಾನ ಕೆಸರಾಗಿತ್ತು. ಗೋಡೆಯ ಹತ್ತಿರ ಹೆನೆಬರಿ ಮೇಷ್ಟ್ರು ಕಾಲರು ಎತ್ತಿಕೊಂಡು ನಿಂತಿದ್ದರು. ಇನ್ನೊಂದು ಬದಿಯಲ್ಲಿ ಕೊಡೆ ಹಿಡಿದ ಪಿಂಡರ್ ಸಾಹೇಬನಿದ್ದ.

ಮೊದಲರ್ಧದಲ್ಲಿ ಕೋಲ್ಮನ್‌ನ ಮಾನ ಹರಾಜಾಯಿತು. ಚೆಂಡು ಅವನ ಕಾಲ ಸಂದಿಯಲ್ಲಿ ಹೋಯಿತು, ಒದೆಯಲು ಹೋದರೆ ಬೂಟಿನ ತುದಿಗೆ ತಾಗಿ ಜನರ ಮೇಲೆ ಹೋಯಿತು. "ಏ ಮರ್ಫಿ, ಕಾಲು ಮನೇಲಿ ಬಿಟ್ಟು ಬಂದ್ಯೇನೋ?" ಎಂದು ಕೂಗಿದರು. ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅವನು ಬಂದದ್ದು ಚೆಂಡಿಗಲ್ಲ, ಕೀಟಿಂಗ್‌ಗೆ.

ಕೀಟಿಂಗ್ ಮೊದಲ ಸಲ ಫಿನ್‌ಬಾರ್‌ನ ಕಡೆ ನುಗ್ಗಿದಾಗ ಕೋಲ್ಮನ್ ಭುಜ ಕೊಟ್ಟ. ಕೀಟಿಂಗ್ ಹಾರಿಹೋಗಿ ಕೆಸರಲ್ಲಿ ಮುಖವಿಟ್ಟ. ಎದ್ದವನೇ ಬೂಟಿನ ಮೊಳೆಗಳನ್ನು ಕೋಲ್ಮನ್‌ನ ಮೊಣಕಾಲಿಂದ ಪಾದದವರೆಗೂ ಎಳೆದ. ಕಾಲುಚೀಲ ಸೀಳಿ, ಚರ್ಮ ಸೀಳಿ, ಒಳಗಿನ ಬೆಳ್ಳನೆಯ ಎಲುಬು ಕಂಡಿತು. ಕೋಲ್ಮನ್ ಅದನ್ನು ಬಗ್ಗಿ ಕೂಡ ನೋಡಲಿಲ್ಲ. ಮುಂದಿನ ಸಲ ರೆಫರಿ ಆ ಕಡೆ ತಿರುಗಿದ್ದಾಗ ಹಣೆಯಿಂದ ಕೀಟಿಂಗ್‌ನ ಮೂಗಿಗೆ ಗುದ್ದಿದ. ಕೀಟಿಂಗ್ ಬಾಯ್ತುಂಬ ರಕ್ತ ಉಗುಳಿ, ಕೆಂಪು ಹಲ್ಲು ಬಿಟ್ಟು ನಕ್ಕ.

"ಯಾರಪ್ಪ ನೀನು? ಇಷ್ಟು ಚೆನ್ನಾಗಿ ಹೊಡೆಯೋನು ಫುಟ್‌ಬಾಲ್ ಆಡೋನಂತೂ ಅಲ್ಲ."

"ನಿನ್ನ ಅಪ್ಪ ಕಣೋ," ಎಂದ ಕೋಲ್ಮನ್.

ಹಾಗೆ ಕಾದಾಡುತ್ತ ಕಾದಾಡುತ್ತ ಆಟ ಕೊನೆಗೆ ಬಂತು. ರೈಲ್ವೆಯವರು ಒಂದು ಗೋಲು ಮುಂದಿದ್ದರು. ಫಿನ್‌ಬಾರ್ ಅಂದು ಎಂಥ ಆಟ ಆಡಿದ ಅಂತೀರಿ! ಮೂಲೆಗೆ ಹೋದ ಚೆಂಡನ್ನು ಬೆರಳ ತುದಿಯಿಂದ ತಳ್ಳಿದ, ಕಾಲಡಿಗೆ ಬಂದದ್ದನ್ನು ಬಾಚಿಕೊಂಡ. ಕೊಡೆಯ ಕೆಳಗೆ ಪಿಂಡರ್ ತಲೆಯಾಡಿಸುವುದು ಕೋಲ್ಮನ್‌ಗೆ ಕಾಣುತ್ತಿತ್ತು. ಅವನ ಎದೆ ಉಬ್ಬಿತು. ಇನ್ನೇನು ಮುಗಿಯಿತು, ಹುಡುಗ ಹಡಗು ಹತ್ತಿದ ಎಂದುಕೊಂಡ.

ಆಗ ಬಂದರಿನವರು ಚೆಂಡನ್ನು ಮಧ್ಯದಿಂದ ಎತ್ತಿ ಹೊಡೆದರು. ಅದು ಮಳೆಯ ಮೋಡಕ್ಕೆ ತಾಗುವಂತೆ ಮೇಲೇರಿ, ಗೋಲಿನ ಮುಂದೆ ಇಳಿಯತೊಡಗಿತು. ಕೋಲ್ಮನ್ ತಲೆಯೆತ್ತಿ ಅದನ್ನೇ ನೋಡಿದ. ಹಿಂದಿನಿಂದ ಕೆಸರಲ್ಲಿ ಪಚಪಚನೆ ಓಡಿ ಬರುವ ಹೆಜ್ಜೆ ಕೇಳಿಸಿತು. ಯಾರೋ ಏನೋ ಕೂಗಿದರು. ಅವನ ಎಡಗೈ ತಾನೇ ಮೇಲೆದ್ದಿತು. ಒದ್ದೆ ಚೆಂಡು ಅಂಗೈಗೆ ಬಂದು ಕಚ್ಚಿಕೊಂಡಿತು, ಅದನ್ನು ಎದೆಗವಚಿ ನೆಲಕ್ಕಿಳಿದ, ಗಿರ್ರನೆ ತಿರುಗಿದ, ಬಲಮೊಣಕೈಯನ್ನು ಮೈಭಾರವೆಲ್ಲ ಸೇರಿಸಿ ಬಿಟ್ಟ.

ಲಟಕ್ಕೆಂದಿತು. ಕಾರ್ಖಾನೆಯಲ್ಲಿ ದಿನವೂ ಕೇಳುವ ಸದ್ದು.

ಕಣ್ಣು ತೆರೆದು ನೋಡಿದರೆ ಕೀಟಿಂಗ್ ಇನ್ನೂ ದೂರದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ಕಾಲಡಿ ಬಿದ್ದಿದ್ದವನು ಫಿನ್‌ಬಾರ್. ಫುಟ್‌ಬಾಲ್‌ನಲ್ಲಿ ಎತ್ತರದ ಚೆಂಡಿಗೆ ಗೋಲ್‌ಕೀಪರ್ ಗೆರೆ ಬಿಟ್ಟು ಬರುತ್ತಾನೆ. "ನಂದು, ನಂದು!" ಎಂದು ಕೂಗಿಕೊಂಡೇ ಬಂದಿದ್ದ ಹುಡುಗ, ಎರಡೂ ಕೈ ಚಾಚಿಕೊಂಡು. ಬಲಗೈ ಈಗ ಮೊಣಕೈ ಹತ್ತಿರ ತಿರುಗಬಾರದ ಕಡೆ ತಿರುಗಿತ್ತು. ಎಲುಬಿನ ತುದಿ ತೋಳಿನ ಬಟ್ಟೆಯನ್ನು ಹರಿದು ಹೊರಗೆ ಬಂದಿತ್ತು.

 ಗೋಡೆಯ ಕಡೆಯಿಂದ ಮೇಷ್ಟ್ರ ದನಿ ಕೇಳಿತು. "ಟೂಹಿಗ್! ಕೋಲ್ಮನ್ ಟೂಹಿಗ್! ಆ ಹಿಡಿತ ನಂಗೊತ್ತಿಲ್ವೇನೋ?" ಬ್ಯಾಂಡೇಜು, ಇದ್ದಿಲು, ಮರ್ಫಿ, ಎಲ್ಲ ಆ ಒಂದು ಹಿಡಿತಕ್ಕೆ ನೀರುಪಾಲಾಯಿತು.

ರೆಫರಿ ಪೆನಾಲ್ಟಿ ಕೊಟ್ಟ. ಕೈಯಲ್ಲಿ ಚೆಂಡು ಹಿಡಿದು ನಿಂತವನಿಗೆ ಬೇರೇನು ಕೊಡುತ್ತಾನೆ? ಆಗ ಬದಲಿ ಆಟಗಾರರು ಎಂಬುದಿರಲಿಲ್ಲ. ಯಾರು ಗೋಲಿಗೆ ನಿಲ್ಲುತ್ತೀರಿ ಎಂದರೆ ರೈಲ್ವೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಲ್ಮನ್ ಹೋಗಿ ಗೆರೆಯ ಮೇಲೆ ನಿಂತ. ಫಿನ್‌ಬಾರ್‌ನನ್ನು ಕಂಬದ ಹಿಂದೆ ಕೋಟಿನ ಮೇಲೆ ಮಲಗಿಸಿದ್ದರು. ಅವನು ಮುಖವನ್ನು ಕೆಸರಿಗೆ ಒತ್ತಿಕೊಂಡು, ಹಲ್ಲಿನ ಸಂದಿಯಿಂದ ನಾಯಿಮರಿಯ ಹಾಗೆ ಕುಂಯ್‌ಗುಡುತ್ತಿದ್ದ.

ಕೀಟಿಂಗ್ ಹತ್ತು ಮಾರು ಹಿಂದೆ ಹೋಗಿ ಓಡಿ ಬಂದು ಒದ್ದ. ಮುಷ್ಟಿಗಾತ್ರದ ಚೆಂಡನ್ನು ಕಣ್ಣಿಟ್ಟು ಹಿಡಿಯುತ್ತಿದ್ದವನಿಗೆ ಅದು ಬಂಡಿಚಕ್ರದಷ್ಟು ದೊಡ್ಡದಾಗಿ ಕಂಡಿತು. ಎಡಕ್ಕೆ ಹಾರಿದ. ತಳ್ಳಲಿಲ್ಲ, ತಟ್ಟಲಿಲ್ಲ, ಒಂದೇ ಕೈಯಲ್ಲಿ ಹಿಡಿದುಬಿಟ್ಟ. ರೆಫರಿ ಕೊನೆಯ ಸೀಟಿ ಊದಿದ.

ಬಂದರಿನ ಕಡೆಯ ಜನ ಬೆಲ್ಟು ಬಿಚ್ಚಿಕೊಂಡು ಮೈದಾನಕ್ಕೆ ನುಗ್ಗಿದರು. ಬಕಲ್ಲು ಬಡಿದು ಒಬ್ಬನ ಕಿವಿ ಹರಿಯಿತು, ಮೂಲೆಯ ಬಾವುಟದ ಕೋಲು ಮತ್ತೊಬ್ಬನ ಬೆನ್ನಮೇಲೆ ಮುರಿಯಿತು. ಕೋಲ್ಮನ್ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಅದರ ನಡುವೆಯೇ ನಡೆದ. ಅಡ್ಡ ಬಂದ ಕೀಟಿಂಗ್‌ನ ದವಡೆಗೆ ಕೊಟ್ಟ ಏಟು ಎರಡನೆಯದನ್ನು ಬೇಡಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಫಿನ್‌ಬಾರ್‌ನನ್ನು ಇಳಿಸಿ, ಮಂಡಿಯೂರಿ ಕೂತ. "ನಂಗೆ ಕೇಳಿಸ್ಲಿಲ್ಲ ಕಣೋ ಫಿನ್. ವೈರಿ ಅಂದ್ಕೊಂಡೆ," ಎಂದ. ಹುಡುಗ ಸೂರು ನೋಡುತ್ತ ಮಲಗಿದ್ದ.

ಅಷ್ಟರಲ್ಲಿ ಪಿಂಡರ್ ಸಾಹೇಬ ಕೊಡೆ ಮಡಿಸುತ್ತ ಒಳಗೆ ಬಂದ. ಬೆಂಚಿನ ಮೇಲಿದ್ದವನ ಕೈಯನ್ನೊಮ್ಮೆ ನೋಡಿ ಲೊಚಗುಟ್ಟಿದ. ಆಮೇಲೆ, ಅವನ ಮೈಮೇಲಿಂದಲೇ ಬಾಗಿ, ಕೋಲ್ಮನ್‌ನ ಭುಜ ಹಿಡಿದ.

"ಒಂದೇ ಕೈಯಲ್ಲಿ ಪೆನಾಲ್ಟಿ ಹಿಡಿದೋನ್ನ ನಾನು ಈ ಜನ್ಮದಲ್ಲಿ ನೋಡಿಲ್ಲಪ್ಪಾ. ಪಾಪ, ತಮ್ಮನ ಕಥೆ ಮುಗೀತು ಬಿಡು. ನೀನು ಬಾ. ಆ ಕೈ ಇದ್ರೆ ಸಾಕು, ಮಿಕ್ಕಿದ್ದನ್ನ ನಾವು ಕಲಿಸ್ತೀವಿ."

ಫಿನ್‌ಬಾರ್ ಆಗ ಅಣ್ಣನ ಕಡೆ ತಿರುಗಿದ. ಬಡ್ಡೀಮಗನೇ ಎಂದು ಬೈದಿದ್ದರೂ ತಡೆದುಕೊಳ್ಳಬಹುದಿತ್ತು! ಬೈಯಲಿಲ್ಲ, ಸುಮ್ಮನೆ ನೋಡಿದ. ಕೋಲ್ಮನ್‌ಗೆ ಆ ನೋಟವನ್ನು ತಾಳಲಾಗಲಿಲ್ಲ.

"ಯಾವ ಕೈ ಸ್ವಾಮಿ?" ಎಂದು ಎದ್ದ. "ಇದಾ?"

ಎಡಮುಷ್ಟಿಯನ್ನು ಕಲ್ಲುಗೋಡೆಗೆ ಗುದ್ದಿದ. ಮತ್ತೆ ಗುದ್ದಿದ. ಗೆಣ್ಣುಗಳು ಒಳಕ್ಕೆ ಹೋಗಿ, ಸುಣ್ಣದ ಮೇಲೆ ಕೆಂಪು ಹತ್ತಿ, ಬೆರಳುಗಳು ತುಂಡು ಹಗ್ಗದಂತೆ ಜೋಲುವವರೆಗೂ ಗುದ್ದಿದ. ಪಿಂಡರ್ ಬಿಳಿಚಿಕೊಂಡು ಬಾಗಿಲಾಚೆ ಓಡಿದ.

ಫಿನ್‌ಬಾರ್ ಬೆಂಚಿನ ಮೇಲಿಂದ ಮೆಲ್ಲಗೆ ಹೇಳಿದ: "ನಿನ್ನ ಕೈ ಮುರ್ಕೊಂಡ್ರೆ ನನ್ನ ಕೈ ಬರುತ್ತೇನೋ ಕತ್ತೆ?"

ಅದೇ ಕೊನೆಯ ಮಾತು. ಆಮೇಲೆ ಒಂದೇ ಸೂರಿನಡಿ ವರ್ಷಗಟ್ಟಲೆ ಇದ್ದರೂ ಅವನು ಅಣ್ಣನೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೂ "ಅಮ್ಮಾ, ಅವನಿಗೆ ಹೇಳು" ಎನ್ನುತ್ತಿದ್ದ. ಅಮ್ಮನೂ ಕೊಟ್ಟ ಮಾತಿನಂತೆ ಕೋಲ್ಮನ್‌ನ ಮುಖ ನೋಡುತ್ತಿರಲಿಲ್ಲ. ತಟ್ಟೆ ನೋಡಿಕೊಂಡೇ ಬಡಿಸುತ್ತಿದ್ದಳು, ಸಾಯುವವರೆಗೂ. ಮೇಷ್ಟ್ರ ದೂರಿನಿಂದ ಕೋಲ್ಮನ್ ಹೊರಗಾದ, ಕೌಂಟಿ ಫೈನಲ್ ಅವನಿಲ್ಲದೆ ನಡೆದು ನಮ್ಮವರು ಸೋತರು. ಅವನ ಎಡಗೈ ಮತ್ತೆ ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಫಿನ್‌ಬಾರ್‌ನ ಬಲಗೈ ಭುಜದ ಮೇಲಕ್ಕೆ ಏಳಲಿಲ್ಲ. ಉಪ್ಪುನೀರಿನ ತೊಟ್ಟಿಗೆ ಅಷ್ಟು ಎತ್ತಿದರೆ ಸಾಕಿತ್ತು.

ಫುಟ್‌ಬಾಲ್ ಆಡಬಾರದು, ನೋಡಬಾರದು ಎಂಬ ಸಂಘದ ಆ ನಿಷೇಧ ರದ್ದಾಗಿ, ಹೆಂಡದಂಗಡಿಗೆ ಟೀವಿ ಬಂದ ಮೇಲೆ, ಒಂದು ಶನಿವಾರ ಇಂಗ್ಲೆಂಡಿನ ಪಂದ್ಯ ನಡೆಯುತ್ತಿತ್ತು. ಕೋಲ್ಮನ್ ಒಂದು ಮೂಲೆಯಲ್ಲಿ, ಫಿನ್‌ಬಾರ್ ಇನ್ನೊಂದು ಮೂಲೆಯಲ್ಲಿ. ಯಾರೋ ಹೊರಗಿನವನು, ಏನೂ ಗೊತ್ತಿಲ್ಲದವನು, ಹರ್ಲಿಂಗ್ ಆಡುವವನು ಫುಟ್‌ಬಾಲ್‌ನಲ್ಲಿ ಗೆಲ್ಲಬಲ್ಲನೇ ಎಂದು ಚರ್ಚೆ ತೆಗೆದ. ಅಂಗಡಿಯವನು ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದ.

ಫಿನ್‌ಬಾರ್ ಗ್ಲಾಸು ಎಡಗೈಯಲ್ಲಿ ಎತ್ತಿಕೊಂಡು ಎದ್ದು ಬಂದು ಅಣ್ಣನ ಎದುರು ಕೂತ.

"ಆವತ್ತು ನನ್ನ ಮುಖ ಕೆಸರಲ್ಲಿತ್ತು, ನೋಡ್ಲಿಲ್ಲ. ಪೆನಾಲ್ಟಿಗೆ ಯಾವ ಕಡೆ ಹಾರಿದೆ?"

"ಎಡಕ್ಕೆ," ಎಂದ ಕೋಲ್ಮನ್. 

ಫಿನ್‌ಬಾರ್ ಒಂದು ಗುಟುಕು ಕುಡಿದು ಬಾಯಿ ಒರೆಸಿಕೊಂಡ. "ನಾನಾಗಿದ್ರೆ ಬಲಕ್ಕೆ ಹಾರಿರ್ತಿದ್ದೆ ಅಣ್ಣ."

ಹಂದಿ ಬಡಿಯುವ ಕೋಲ್ಮನ್ ಟೂಹಿಗ್ ಮೇಜಿನ ಮೇಲೆ ತಲೆಯಿಟ್ಟು, ಅಷ್ಟು ಜನರ ಮುಂದೆ, ಗೊಳೋ ಎಂದು ಅತ್ತುಬಿಟ್ಟ.